ಕರೆಂಟ್ ಮಾನಿಟರ್ ಹೇಳುವ ಲೆಕ್ಕ ಸರಿಯಿದೆಯಾ? ಮನೆಯಲ್ಲೇ ಪರೀಕ್ಷಿಸುವ ಕ್ರಮ

ಮನೆಯ ಕರೆಂಟ್ ಖರ್ಚು ಅಳೆದು ತೋರಿಸುವ ಮಾನಿಟರಿನ ಡಬ್ಬಿಯ ಮೇಲೆ 'ತಪ್ಪು ಒಂದು ಪರ್ಸೆಂಟ್ ಒಳಗೆ' ಅಂತ ದೊಡ್ಡದಾಗಿ ಬರೆದಿರುತ್ತದೆ. ತಂದು ಹಾಕಿ ಒಂದು ತಿಂಗಳು ಕಳೆದು ಬಿಲ್ ಪಕ್ಕ ಇಟ್ಟು ನೋಡಿದರೆ ಹತ್ತೋ ಹದಿನೈದೋ ಪರ್ಸೆಂಟ್ ವ್ಯತ್ಯಾಸ. ಆಗ ಕೆಲವರು ಮಾನಿಟರನ್ನು ಬೈಯುತ್ತಾರೆ, ಕೆಲವರು ಮೀಟರನ್ನು ಬೈಯುತ್ತಾರೆ. ಯಾರನ್ನು ಬೈಯಬೇಕು ಅಂತ ಗೊತ್ತು ಮಾಡಿಕೊಳ್ಳಲು ದೊಡ್ಡ ಉಪಕರಣವೇನೂ ಬೇಡ. ಒಂದು ಎಲೆಕ್ಟ್ರಿಕ್ ಕೆಟಲ್, ಫೋನಿನಲ್ಲಿರುವ ಸ್ಟಾಪ್‌ವಾಚ್, ಮೀಟರ್ ಮುಂದೆ ಸ್ವಲ್ಪ ಹೊತ್ತು ನಿಲ್ಲುವ ತಾಳ್ಮೆ, ಇಷ್ಟು ಸಾಕು.

ಶುರು ಮಾಡುವ ಮುಂಚೆ ಒಂದು ವಿಷಯ ತಲೆಯಲ್ಲಿರಲಿ. ಆ ಒಂದು ಪರ್ಸೆಂಟ್ ಎಲ್ಲ ಲೋಡಿಗೂ, ಅಂದರೆ ಕರೆಂಟ್ ಎಳೆಯುವ ಎಲ್ಲ ಯಂತ್ರಕ್ಕೂ, ಹೊಂದುವ ಅಂಕಿಯಲ್ಲ. ಅದೇ ಮಾನಿಟರ್ ಕೆಟಲನ್ನು ಕರಾರುವಾಕ್ಕಾಗಿ ಅಳೆಯಬಹುದು, ಫ್ರಿಜ್ಜನ್ನು ಒಂದೂವರೆ ಪಟ್ಟು ತೋರಿಸಬಹುದು, ಫೋನ್ ಚಾರ್ಜರ್ ಹಾಕಿದರೆ ಸೊನ್ನೆ ಅನ್ನಬಹುದು. ಅದಕ್ಕೇ ಒಂದೇ ಸಲ ನೋಡಿ 'ಸರಿಯಿದೆ' ಅಂತ ತೀರ್ಮಾನ ಮಾಡಬೇಡಿ. ದೊಡ್ಡ ಲೋಡ್, ಸಣ್ಣ ಲೋಡ್, ಮೋಟಾರ್ ಇರುವ ಲೋಡ್, ಮೂರನ್ನೂ ನೋಡಬೇಕು.

1. ನಿಮ್ಮದು ಯಾವ ಥರದ ಮಾನಿಟರ್ ನೋಡಿಕೊಳ್ಳಿ

ಸಾಕೆಟ್ಟಿಗೆ ಚುಚ್ಚುವ ಪ್ಲಗ್ ಮೀಟರ್ ಅಥವಾ ಸ್ಮಾರ್ಟ್ ಪ್ಲಗ್ ಇದ್ದರೆ ಅರ್ಧ ಚಿಂತೆ ಕಮ್ಮಿ. ಅದು ವೋಲ್ಟೇಜನ್ನೂ ಆಂಪಿಯರನ್ನೂ ಎರಡನ್ನೂ ಅಳೆಯುತ್ತದೆ. ಒಳಗೆ ಬಿಎಲ್0937, ಎಚ್ಎಲ್‌ಡಬ್ಲ್ಯು8012 ಥರದ ಅಗ್ಗದ ಚಿಪ್ ಇರುತ್ತದೆ. ಅಗ್ಗ ಅಂದ ಮಾತ್ರಕ್ಕೆ ಕೆಟ್ಟದ್ದಲ್ಲ, ಸರಿಯಾಗಿ ಕ್ಯಾಲಿಬ್ರೇಟ್ ಮಾಡಿದರೆ (ಗೊತ್ತಿರುವ ಅಳತೆಗೆ ಹೊಂದಿಸಿದರೆ) ಮನೆ ಮಟ್ಟಿಗೆ ಬೇಕಾದಷ್ಟಾಯಿತು.

ಇನ್ನೊಂದು ಥರ, ಮೇನ್ ವೈರಿಗೆ ತೊಡಿಸುವ ಕ್ಲಾಂಪ್. ಇಲ್ಲಿ ಎರಡು ಜಾತಿ. ಒಂದು ಜಾತಿ ವೋಲ್ಟೇಜಿಗೂ ಕನೆಕ್ಷನ್ ತೆಗೆದುಕೊಳ್ಳುತ್ತದೆ. ಇನ್ನೊಂದು ಜಾತಿ ಬರೀ ಆಂಪಿಯರ್ ನೋಡಿ, 'ವೋಲ್ಟೇಜ್ 230 ಇರಬಹುದು' ಅಂತ ಊಹಿಸಿ ಗುಣಿಸಿಬಿಡುತ್ತದೆ. ನಿಮ್ಮದು ಯಾವುದು ಅಂತ ತಿಳಿಯುವುದು ಸುಲಭ. ಆ್ಯಪ್‌ನಲ್ಲಿ ವೋಲ್ಟೇಜ್ ನೋಡಿ. ಬೆಳಗ್ಗೆ 233, ಸಂಜೆ 224 ಹೀಗೆ ಕುಣಿಯುತ್ತಿದ್ದರೆ ಅಳೆಯುತ್ತಿದೆ. ಯಾವಾಗ ನೋಡಿದರೂ ಅದೇ 230 ಇದ್ದರೆ, ಅಥವಾ ಮೊದಲ ಸಲ ಸೆಟ್ ಮಾಡುವಾಗ ನಿಮ್ಮನ್ನೇ ವೋಲ್ಟೇಜ್ ಕೇಳಿದ್ದರೆ, ಅದು ಊಹೆ. ಬ್ಯಾಟರಿಯಲ್ಲಿ ಓಡುತ್ತಾ ಕ್ಲಾಂಪಿನದೊಂದೇ ವೈರು ಇರುವ ಪೆಟ್ಟಿಗೆಗೆ ವೋಲ್ಟೇಜ್ ತಿಳಿಯುವ ದಾರಿಯೇ ಇಲ್ಲ ಅಲ್ವಾ.

ಮೂರನೆಯದು ಮೀಟರಿನ ಮಿನುಗುವ ಲೈಟಿನ ಮೇಲೆ ಅಂಟಿಸುವ ಸೆನ್ಸರ್. ಇದು ಏನನ್ನೂ ಅಳೆಯುವುದಿಲ್ಲ, ಸುಮ್ನೆ ಎಣಿಸುತ್ತದೆ. ಹಾಗಾಗಿ ಬಿಲ್ಲಿಗೆ ಎಲ್ಲಕ್ಕಿಂತ ಹತ್ತಿರ ಇರುವುದು ಇದೇ. ಒಂದು ಯೂನಿಟ್ಟಿಗೆ ಎಷ್ಟು ಮಿನುಗು ಅನ್ನುವ ಸೆಟ್ಟಿಂಗ್ ತಪ್ಪಿದ್ದರೆ ಮಾತ್ರ ಲೆಕ್ಕ ನೇರವಾಗಿ ಅರ್ಧವೋ ಎರಡು ಪಟ್ಟೋ ಆಗುತ್ತದೆ. ಬಿಸಿಲು ಬಿದ್ದರೆ ಕೆಲವು ಮಿನುಗು ತಪ್ಪಿಹೋಗುತ್ತವೆ, ಮೇಲೆ ಕಪ್ಪು ಟೇಪ್ ಹಚ್ಚಿ. ಇಡೀ ಮನೆಯ ಯೂನಿಟ್ ಲೆಕ್ಕವೊಂದೇ ಬೇಕು ಅನ್ನುವವರು ವೋಲ್ಟೇಜ್ ನೋಡದ ಕ್ಲಾಂಪ್ ಬದಲು ಇದನ್ನೇ ಕೊಳ್ಳಲಿ ಅನ್ನೋದು ನನ್ನ ಅಭಿಪ್ರಾಯ.

2. ಊಹೆಯ ಲೆಕ್ಕ ಎಷ್ಟು ದಾರಿ ತಪ್ಪಿಸುತ್ತದೆ

ವೋಲ್ಟೇಜ್ ತಪ್ಪಿನಿಂದ ಆಗುವ ನಷ್ಟ ದೊಡ್ಡದಲ್ಲ. ಮಾನಿಟರ್ 230 ಅಂದುಕೊಂಡಿದೆ, ನಿಜಕ್ಕೂ 215 ಬರುತ್ತಿದೆ ಅಂದರೆ ಅದು ತೋರಿಸುವುದು ಸುಮಾರು 7 ಪರ್ಸೆಂಟ್ ಜಾಸ್ತಿ. ಇದನ್ನು ಸರಿ ಮಾಡಬಹುದು.

ನಿಜವಾದ ತಲೆನೋವು ಪವರ್ ಫ್ಯಾಕ್ಟರ್, ಅಂದರೆ ವೋಲ್ಟ್ ಆಂಪಿಯರ್ ಗುಣಿಸಿ ಬಂದದ್ದರಲ್ಲಿ ನಿಜಕ್ಕೂ ವ್ಯಾಟ್ ಆಗುವ ಪಾಲು. ಹೀಟರ್, ಕೆಟಲ್, ಇಸ್ತ್ರಿ ಪೆಟ್ಟಿಗೆಗಳಲ್ಲಿ ವೋಲ್ಟನ್ನು ಆಂಪಿಯರಿನಿಂದ ಗುಣಿಸಿದರೆ ವ್ಯಾಟ್ ಸಿಗುತ್ತದೆ. ಮೋಟಾರ್ ಇರುವ ಯಂತ್ರಗಳಲ್ಲಿ ಹಾಗಲ್ಲ. ಆಂಪಿಯರ್ ಅಲೆ ವೋಲ್ಟೇಜ್ ಅಲೆಗಿಂತ ಹಿಂದೆ ಬೀಳುತ್ತದೆ, ಹರಿದದ್ದರಲ್ಲಿ ಒಂದು ಪಾಲು ಕೆಲಸ ಮಾಡದೆ ವಾಪಸ್ ಹೋಗುತ್ತದೆ. ಮನೆ ಮೀಟರ್ ಸಾಮಾನ್ಯವಾಗಿ ಆ ಪಾಲನ್ನು ಯೂನಿಟ್ಟಿಗೆ ಸೇರಿಸುವುದಿಲ್ಲ. ವೋಲ್ಟೇಜ್ ನೋಡದ ಕ್ಲಾಂಪ್ ಸೇರಿಸಿಬಿಡುತ್ತದೆ. ಉದಾಹರಣೆಗೆ ಒಂದು ಫ್ರಿಜ್ 230 ವೋಲ್ಟಿನಲ್ಲಿ ಒಂದು ಆಂಪಿಯರ್ ಎಳೆಯುತ್ತಿದೆ, ಪವರ್ ಫ್ಯಾಕ್ಟರ್ 0.6 ಅಂತಿಟ್ಟುಕೊಳ್ಳಿ. ಅದು ತಿನ್ನುವುದು 138 ವ್ಯಾಟ್. ಕ್ಲಾಂಪ್ ಹೇಳುವುದು 230. ಅಗ್ಗದ ಎಲ್ಇಡಿ ಬಲ್ಬು, ಸಣ್ಣ ಚಾರ್ಜರುಗಳದ್ದೂ ಇದೇ ಕಥೆ, ಕಾರಣ ಮಾತ್ರ ಬೇರೆ. ಅವು ಆಂಪಿಯರನ್ನು ಒಂದೇ ಸಮ ಎಳೆಯುವುದಿಲ್ಲ, ಅಲೆಯ ತುದಿಯಲ್ಲಿ ಗಬಕ್ಕನೆ ಎಳೆದು ಸುಮ್ಮನಾಗುತ್ತವೆ. ಹಗಲು ರಾತ್ರಿ ಫ್ರಿಜ್ ಓಡುವ, ಗೀಸರ್ ಹೀಟರ್ ಕಮ್ಮಿ ಇರುವ ಮನೆಯಲ್ಲಿ ಇಂಥ ಮಾನಿಟರ್ ಜಾಸ್ತಿ ತೋರಿಸಿಯೇ ತೋರಿಸುತ್ತದೆ.

ಸೋಲಾರ್ ಇದ್ದರೆ ಇನ್ನೂ ಕಷ್ಟ. ವೋಲ್ಟೇಜ್ ಗೊತ್ತಿಲ್ಲದ ಕ್ಲಾಂಪಿಗೆ ಕರೆಂಟ್ ಒಳಗೆ ಬರುತ್ತಿದೆಯೋ ಹೊರಗೆ ಹೋಗುತ್ತಿದೆಯೋ ಗೊತ್ತಾಗಲ್ಲ. ಮಧ್ಯಾಹ್ನ ನೀವು ಗ್ರಿಡ್ಡಿಗೆ ಕೊಡುತ್ತಿರುವುದನ್ನೂ ಖರ್ಚು ಅಂತ ಬರೆದುಕೊಳ್ಳುತ್ತದೆ.

3. ಕ್ಲಾಂಪ್ ಕೂತಿರುವ ರೀತಿ ನೋಡಿ

ಇದನ್ನು ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ. ಮೇನ್ ಸ್ವಿಚ್ ಆಫ್ ಮಾಡಿದರೂ ಅದಕ್ಕೆ ಬರುವ ವೈರಿನಲ್ಲಿ ಕರೆಂಟ್ ಇದ್ದೇ ಇರುತ್ತದೆ. ಕ್ಲಾಂಪಿನ ಪ್ಲಗ್ಗನ್ನು ಪೆಟ್ಟಿಗೆಯಿಂದ ಕಿತ್ತು, ಕ್ಲಾಂಪನ್ನು ವೈರಿನ ಮೇಲೆ ಹಾಗೇ ಬಿಡುವುದೂ ಒಳ್ಳೆಯದಲ್ಲ. ಕೆಲವು ಕ್ಲಾಂಪುಗಳ ತುದಿಯಲ್ಲಿ ಅಪಾಯಕಾರಿ ವೋಲ್ಟೇಜ್ ಎದ್ದುಬಿಡುತ್ತದೆ. ತೆಗೆಯುವುದಾದರೆ ಮೊದಲು ವೈರಿನಿಂದ ಕ್ಲಾಂಪ್ ಬಿಚ್ಚಿ, ಆಮೇಲೆ ಪ್ಲಗ್.

ಎಲೆಕ್ಟ್ರಿಷಿಯನ್ ಬಂದಾಗ ಇಷ್ಟು ಕೇಳಿ. ಕ್ಲಾಂಪ್ ಫೇಸ್ ವೈರಿನ ಮೇಲೆ ಮಾತ್ರ ಇದೆಯಾ? ಫೇಸ್, ನ್ಯೂಟ್ರಲ್ ಎರಡೂ ಅದರೊಳಗೆ ಹೋದರೆ ಒಂದನ್ನೊಂದು ಹೊಡೆದುಹಾಕಿ ಸೊನ್ನೆ ತೋರಿಸುತ್ತದೆ. ಬಾಯಿ ಪೂರ್ತಿ ಮುಚ್ಚಿ ಕ್ಲಿಕ್ ಆಗಿದೆಯಾ? ಕೂಡುವ ಜಾಗದಲ್ಲಿ ಧೂಳೋ ವೈರಿನ ಚೂರೋ ಸಿಕ್ಕಿಕೊಂಡು ಕೂದಲೆಳೆಯಷ್ಟು ಸಂದು ಉಳಿದರೂ ರೀಡಿಂಗ್ ಕಮ್ಮಿ ಬರುತ್ತದೆ. ಬಾಣದ ಗುರುತು ಸರಿ ದಿಕ್ಕಿಗಿದೆಯಾ?

ಮೂರು ಫೇಸ್ ಇರುವ ಮನೆಯಲ್ಲಿ ಇನ್ನೊಂದು ತಪ್ಪು ಆಗುತ್ತಲೇ ಇರುತ್ತದೆ. ಕ್ಲಾಂಪ್ ಒಂದು ಫೇಸಿನ ಮೇಲೆ, ವೋಲ್ಟೇಜ್ ವೈರು ಇನ್ನೊಂದು ಫೇಸಿಗೆ. ಎರಡು ಫೇಸುಗಳ ನಡುವೆ 120 ಡಿಗ್ರಿ ಅಂತರ ಇರುವುದರಿಂದ ಹೀಟರ್ ಹಾಕಿದರೆ ನಿಜದ ಅರ್ಧದಷ್ಟು, ಅದೂ ಮೈನಸ್ ಚಿಹ್ನೆಯೊಂದಿಗೆ ಬರುತ್ತದೆ. ಚಿಹ್ನೆ ತೋರಿಸದ ಮಾನಿಟರ್ ಆದರೆ ಬರೀ ಅರ್ಧ. ಯಾವುದೋ ಒಂದು ಫೇಸ್ ಯಾವಾಗಲೂ ಅನುಮಾನ ಬರುವಷ್ಟು ಕಮ್ಮಿ ಇದ್ದರೆ ಮೊದಲು ಇದನ್ನೇ ನೋಡಿಸಿ.

4. ಕೆಟಲ್ ಪರೀಕ್ಷೆ

ಇಲ್ಲಿಂದ ನಿಜವಾದ ಕೆಲಸ. ಮೀಟರಿನ ಮುಖದ ಮೇಲೆ ಒಂದು ಸಣ್ಣ ಲೈಟು ಮಿನುಗುತ್ತಿರುತ್ತದೆ. ಪಕ್ಕದಲ್ಲಿ ಒಂದು ಯೂನಿಟ್ಟಿಗೆ ಎಷ್ಟು ಮಿನುಗು ಅಂತ ಬರೆದಿರುತ್ತದೆ, 1000, 1600, 3200 ಹೀಗೆ. ಹಳೆಯ ತಿರುಗುವ ಚಕ್ರದ ಮೀಟರ್ ಆದರೆ ಒಂದು ಯೂನಿಟ್ಟಿಗೆ ಎಷ್ಟು ಸುತ್ತು ಅಂತ ಇರುತ್ತದೆ, ಲೆಕ್ಕ ಅದೇ.

ಮನೆಯಲ್ಲಿ ಫ್ರಿಜ್ ಸೇರಿ ಎಲ್ಲ ಆಫ್ ಮಾಡಿ. ರೂಟರ್, ಮಾನಿಟರ್ ಇರಲಿ. ಕೆಟಲ್ ತುಂಬ ತಣ್ಣೀರು ಹಾಕಿ ಆನ್ ಮಾಡಿ. ಇಸ್ತ್ರಿ ಪೆಟ್ಟಿಗೆ ಬೇಡ, ಬಿಸಿಯಾದ ತಕ್ಷಣ ತಾನೇ ಆಫ್ ಆಗಿ ಲೆಕ್ಕ ಕೆಡಿಸುತ್ತದೆ. ಈಗ ಒಂದು ಮಿನುಗಿಗೆ ಸ್ಟಾಪ್‌ವಾಚ್ ಒತ್ತಿ, ಆ ಮಿನುಗನ್ನು 'ಸೊನ್ನೆ' ಅಂತ ಎಣಿಸಿ. ಇದು ಮುಖ್ಯ. ಅದನ್ನೇ ಒಂದು ಅಂತ ಶುರು ಮಾಡಿದರೆ ನಲವತ್ತು ಎಣಿಸುವಷ್ಟರಲ್ಲಿ ಎರಡೂವರೆ ಪರ್ಸೆಂಟ್ ತಪ್ಪು ನೀವೇ ಸೇರಿಸಿದ ಹಾಗಾಯಿತು. ಸುಮಾರು ಒಂದು ನಿಮಿಷದಷ್ಟು ಎಣಿಸಿ, ಕೊನೆಯ ಮಿನುಗಿಗೆ ನಿಲ್ಲಿಸಿ. ಅದೇ ಹೊತ್ತಿನಲ್ಲಿ ಇನ್ನೊಬ್ಬರು ಮಾನಿಟರ್ ತೋರಿಸುವ ವ್ಯಾಟ್ ಬರೆದುಕೊಳ್ಳಲಿ. ಮಿನುಗು ಬೇಗ ಬೇಗ ಬಂದು ಎಣಿಸಲಾಗದಿದ್ದರೆ ವಿಡಿಯೋ ಮಾಡಿ ನಿಧಾನವಾಗಿ ಓಡಿಸಿ ನೋಡಿ.

ಎಣಿಸಿದ ಸಂಖ್ಯೆಯನ್ನು 36,00,000ದಿಂದ ಗುಣಿಸಿ. ಬಂದದ್ದನ್ನು ಮೊದಲು ಮೀಟರಿನ ಸಂಖ್ಯೆಯಿಂದ, ಆಮೇಲೆ ಸೆಕೆಂಡುಗಳಿಂದ ಭಾಗಿಸಿ. ಸಿಗುವುದು ವ್ಯಾಟ್. 1600ರ ಮೀಟರಿನಲ್ಲಿ 60 ಸೆಕೆಂಡಿಗೆ 40 ಮಿನುಗು ಬಂದರೆ ಸರಿಯಾಗಿ 1500 ವ್ಯಾಟ್. ಮಾನಿಟರ್ 1485ರಿಂದ 1515ರ ಒಳಗೆ ಇದ್ದರೆ ಖುಷಿಪಡಿ.

ಕೆಟಲ್ ತಳದಲ್ಲಿ ಬರೆದ ವ್ಯಾಟ್ ಜೊತೆ ಮಾತ್ರ ಹೋಲಿಸಬೇಡಿ. ಅದು ಒಂದು ನಿರ್ದಿಷ್ಟ ವೋಲ್ಟೇಜಿಗೆ ಹೇಳಿದ್ದು. 230ರಲ್ಲಿ 2000 ವ್ಯಾಟ್ ಎಳೆಯುವ ಕೆಟಲ್ 215ರಲ್ಲಿ ಸುಮಾರು 1750 ಅಷ್ಟೇ ಎಳೆಯುತ್ತದೆ. ಮಾನಿಟರ್ ಕಮ್ಮಿ ತೋರಿಸುತ್ತಿದೆ ಅಂತ ಗೊಣಗುವವರಲ್ಲಿ ಎಷ್ಟೋ ಜನ ಆ ಅಂಕಿ ನೋಡಿಕೊಂಡೇ ಗೊಣಗುವುದು.

ಮೀಟರ್ ಹತ್ತಿರ ಹೋಗಲು ಆಗದವರಿಗೆ ನೀರಿನ ಲೆಕ್ಕ ಇದೆ. ಒಂದು ಲೀಟರ್ ನೀರನ್ನು 25 ಡಿಗ್ರಿಯಿಂದ 100 ಡಿಗ್ರಿಗೆ ತರಲು ಕನಿಷ್ಠ 87 ವ್ಯಾಟ್ ಅವರ್ ಬೇಕೇ ಬೇಕು, ಅಂದರೆ 0.087 ಯೂನಿಟ್. ಕೆಟಲ್ ಮೈ ಬಿಸಿಯಾಗುವುದು, ಆವಿ ಹೋಗುವುದು ಸೇರಿ ಇನ್ನಷ್ಟು ಖರ್ಚಾಗುತ್ತದೆ. ಹಾಗಾಗಿ ಪ್ಲಗ್ ಮೀಟರ್ 87ಕ್ಕಿಂತ ಕಮ್ಮಿ ತೋರಿಸಿದರೆ ಅದು ಕಮ್ಮಿ ಅಳೆಯುತ್ತಿದೆ, ವಾದವೇ ಇಲ್ಲ. ತುಂಬಾ ಎತ್ತರದ ಜಾಗದಲ್ಲಿ ನೀರು 100ಕ್ಕೆ ಮುಂಚೆಯೇ ಕುದಿಯುತ್ತದೆ, ಅಷ್ಟು ಕಳೆದುಕೊಳ್ಳಿ. ಜಾಸ್ತಿ ತೋರಿಸುತ್ತಿದೆಯಾ ಅನ್ನೋದು ಇದರಿಂದ ಅಷ್ಟು ಚೆನ್ನಾಗಿ ಗೊತ್ತಾಗಲ್ಲ.

ಪ್ಲಗ್ ಮೀಟರ್ ಬಳಸುವವರು ಅದರ ಆಂಪಿಯರ್ ಮಿತಿ ಓದಿಕೊಳ್ಳಿ. 10 ಆಂಪಿಯರ್ ಪ್ಲಗ್ಗಿಗೆ ದೊಡ್ಡ ರೂಮ್ ಹೀಟರ್ ಹಾಕಿ ಗಂಟೆಗಟ್ಟಲೆ ಬಿಟ್ಟರೆ ಅಳತೆ ಹಾಗಿರಲಿ, ಪ್ಲಗ್ಗೇ ಕರಗಬಹುದು.

5. ರಾತ್ರಿಯ ಸಣ್ಣ ಲೋಡ್

ಕ್ಲಾಂಪುಗಳು ಸೋಲುವುದು ಇಲ್ಲಿ. ನೂರು ಆಂಪಿಯರಿಗೆ ಮಾಡಿದ ಕ್ಲಾಂಪಿಗೆ ಕಾಲು ಆಂಪಿಯರ್ ಲೆಕ್ಕಕ್ಕೇ ಇಲ್ಲ. ಅದು ಅಳೆಯುವುದಕ್ಕಿಂತ ಅದರ ಒಳಗೆ ತಾನಾಗಿ ಏಳುವ ಸುಳ್ಳು ಸಿಗ್ನಲ್ಲಿನ ಗದ್ದಲವೇ ಜಾಸ್ತಿ. ಎಲ್ಲರೂ ಮಲಗಿದ ಮೇಲೆ, ಫ್ರಿಜ್ ಮೋಟಾರ್ ನಿಂತಿರುವಾಗ, ಮತ್ತೆ ಮೀಟರ್ ಮುಂದೆ ಹೋಗಿ. ಈಗ ಮಿನುಗು ನಿಧಾನ. 60 ವ್ಯಾಟ್ ಇದ್ದರೆ 1600ರ ಮೀಟರಿನಲ್ಲಿ 37.5 ಸೆಕೆಂಡಿಗೊಂದು. ನಾಲ್ಕೈದು ಅಂತರ ಅಳೆದರೆ ಸಾಕು.

ಮೀಟರ್ ಲೆಕ್ಕದಲ್ಲಿ 40 ವ್ಯಾಟ್ ಇದೆ, ಮಾನಿಟರ್ 70 ಅನ್ನುತ್ತಿದೆ ಅಂತಿಟ್ಟುಕೊಳ್ಳಿ. 30 ವ್ಯಾಟ್ ಏನು ಮಹಾ ಅನಿಸುತ್ತದೆ. ಅದೇ ತಪ್ಪು ಹಗಲು ರಾತ್ರಿ ಕೂತಿದ್ದರೆ ಮೂವತ್ತು ದಿನಕ್ಕೆ 21.6 ಯೂನಿಟ್! ಬಿಲ್ಲಿಗೂ ಆ್ಯಪಿಗೂ ಬರುವ ವ್ಯತ್ಯಾಸದಲ್ಲಿ ದೊಡ್ಡ ಪಾಲು ಇಂಥದ್ದೇ ಇರಬಹುದು. ನಿಮ್ಮ ಮನೆಯ ಲೋಡ್ ಯಾವಾಗಲೂ ಕಮ್ಮಿಯೇ ಆದರೆ ನೂರು ಆಂಪಿಯರ್ ಕ್ಲಾಂಪ್ ಬದಲು ಸಣ್ಣದನ್ನು ಹಾಕಿಸಿ. ವೈರು ಉದ್ದ ಸಾಲುವ ಹಾಗಿದ್ದರೆ ಎಲೆಕ್ಟ್ರಿಷಿಯನ್ ಅದನ್ನು ಕ್ಲಾಂಪ್ ಒಳಗೆ ಎರಡು ಸಲ ಹಾಯಿಸಬಹುದು. ಆಗ ರೀಡಿಂಗ್ ಎರಡು ಪಟ್ಟು ಬರುತ್ತದೆ, ಸೆಟ್ಟಿಂಗಿನಲ್ಲಿ ಎರಡರಿಂದ ಭಾಗಿಸಿಕೊಳ್ಳಿ.

ಪ್ಲಗ್ ಮೀಟರಿಗೂ ಒಂದು ಕೆಳಮಿತಿ ಇದೆ. ಒಂದೆರಡು ವ್ಯಾಟಿಗಿಂತ ಕೆಳಗೆ ಕೆಲವು ಸೊನ್ನೆ ಬರೆದು ಕೈ ತೊಳೆದುಕೊಳ್ಳುತ್ತವೆ. ಸ್ಟ್ಯಾಂಡ್‌ಬೈ (ಬಳಸದೆ ಪ್ಲಗ್ಗಿನಲ್ಲಿ ಸುಮ್ಮನಿರುವಾಗಿನ ಖರ್ಚು) ಅಳೆಯಬೇಕಾದರೆ ಟಿವಿ, ಸೆಟ್ ಟಾಪ್ ಬಾಕ್ಸ್, ಚಾರ್ಜರುಗಳನ್ನೆಲ್ಲ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ ಒಟ್ಟಿಗೆ ಅಳೆಯಿರಿ. ಅದರ ಜೊತೆ ಹಳೆಯ ಫಿಲಮೆಂಟ್ ಬಲ್ಬ್ ಒಂದನ್ನು ಹಚ್ಚಿ, ಬಲ್ಬ್ ಒಂದೇ ಇದ್ದಾಗಿನ ವ್ಯಾಟ್ ಕಳೆದರೂ ಆಗುತ್ತದೆ. ವೋಲ್ಟೇಜ್ ಅಲ್ಲಾಡಿದರೆ ಬಲ್ಬಿನ ವ್ಯಾಟ್ ಕೂಡ ಅಲ್ಲಾಡುತ್ತದೆ, ಅದಕ್ಕೆ ಹಾಕಿ ತೆಗೆದು ಹಾಕಿ ತೆಗೆದು ಕೆಲವು ಸಲ ನೋಡಿ ಸರಾಸರಿ ತೆಗೆಯಿರಿ. ಅಂದ ಹಾಗೆ ಸ್ಮಾರ್ಟ್ ಪ್ಲಗ್ ತಾನೂ ಸುಮಾರು ಒಂದು ವ್ಯಾಟ್ ತಿನ್ನುತ್ತದೆ. ವರ್ಷಕ್ಕೆ 8.76 ಯೂನಿಟ್. ಹತ್ತು ಪ್ಲಗ್ ಹಾಕಿ ಉಳಿತಾಯ ಮಾಡುತ್ತೇನೆ ಅನ್ನುವವರು ಇದನ್ನೂ ಬರೆದುಕೊಳ್ಳಲಿ.

6. ಫ್ರಿಜ್ ಅಥವಾ ಪಂಪ್

ಕೆಟಲ್ ಪರೀಕ್ಷೆಯನ್ನೇ ಮೋಟಾರ್ ಓಡುವಾಗ ಮಾಡಿ. ಬೇರೆ ಎಲ್ಲ ಆಫ್. ಮೀಟರಿಗೆ ಹೋಲಿಸಿದರೆ ಮಾನಿಟರ್ ಎಷ್ಟು ಜಾಸ್ತಿ ಅಥವಾ ಕಮ್ಮಿ ಬರೆದುಕೊಳ್ಳಿ. ಅಷ್ಟೇ.

7. ವಾರಗಟ್ಟಲೆ ಹೋಲಿಕೆ

ಆ್ಯಪಿನ ಒಟ್ಟು ಯೂನಿಟ್, ಮೀಟರಿನ ಯೂನಿಟ್ ಎರಡನ್ನೂ ಒಂದೇ ಹೊತ್ತಿಗೆ ಬರೆದುಕೊಂಡು ಕಾಯಿರಿ. ಎಷ್ಟು ದಿನ ಕಾಯಬೇಕು ಅನ್ನೋದು ಮೀಟರ್ ಎಷ್ಟು ಸೂಕ್ಷ್ಮವಾಗಿ ತೋರಿಸುತ್ತದೆ ಅನ್ನುವುದರ ಮೇಲಿದೆ. ಪೂರ್ತಿ ಯೂನಿಟ್ ಮಾತ್ರ ತೋರಿಸುವ ಮೀಟರಿನಲ್ಲಿ ಒಂದು ದಿನಕ್ಕೆ 8 ಯೂನಿಟ್ ನೋಡಿ ಹೋಲಿಸಿದರೆ, ಒಂದು ಯೂನಿಟ್ ಆಚೆ ಈಚೆ ಆದರೂ 12 ಪರ್ಸೆಂಟ್ ಹೋಯಿತು. ನೂರು ಯೂನಿಟ್ ಆಗುವವರೆಗೆ ಬಿಟ್ಟರೆ ಅದೇ ತಪ್ಪು ಒಂದು ಪರ್ಸೆಂಟಿಗೆ ಇಳಿಯುತ್ತದೆ. ಬಿಲ್ಲಿನ ತಿಂಗಳಿಗೂ ಆ್ಯಪಿನ ತಿಂಗಳಿಗೂ ಹೋಲಿಸುವುದು ಬೇಡವೇ ಬೇಡ. ಮೀಟರ್ ಓದಿದ ತಾರೀಖು ಬೇರೆ, ಆ್ಯಪಿನ ಒಂದನೇ ತಾರೀಖು ಬೇರೆ.

ಈ ಹೋಲಿಕೆಗೆ ಮುಂಚೆ ವೈಫೈ ಪರೀಕ್ಷೆ ಮಾಡಿಕೊಳ್ಳಿ. ಕೆಲವು ಮಾನಿಟರ್ ಯೂನಿಟ್ಟನ್ನು ತನ್ನೊಳಗೇ ಕೂಡಿಟ್ಟುಕೊಳ್ಳುತ್ತದೆ. ಕೆಲವು ಆಗಾಗ ವ್ಯಾಟ್ ಕಳಿಸಿ, ಗುಣಾಕಾರವನ್ನು ಆ್ಯಪಿಗೆ ಬಿಡುತ್ತದೆ. ಒಂದು ಲೋಡ್ ಓಡುತ್ತಿರುವಾಗ ರೂಟರ್ ಒಂದು ಗಂಟೆ ಆಫ್ ಮಾಡಿ ಆಮೇಲೆ ಹಾಕಿ. ಒಟ್ಟು ಯೂನಿಟ್ ತಾನೇ ಮುಂದಕ್ಕೆ ಜಿಗಿದರೆ ಸರಿ. ಆ ಗಂಟೆ ಖಾಲಿ ಉಳಿದರೆ, ನೆಟ್ ಹೋದಾಗಲೆಲ್ಲ ನಿಮ್ಮ ಲೆಕ್ಕ ಸೋರುತ್ತಿದೆ ಅಂತ ಅರ್ಥ. ಇಂಥ ಮಾನಿಟರಿನಲ್ಲಿ ಕಮ್ಮಿ ಉರಿಗೆ ಇಟ್ಟ ಇಂಡಕ್ಷನ್ ಒಲೆಯದ್ದೂ ಅನುಮಾನವೇ. ಒಲೆ ಕೆಲವು ಸೆಕೆಂಡ್ ಪೂರ್ತಿ ಹತ್ತಿ ಕೆಲವು ಸೆಕೆಂಡ್ ಆರುತ್ತಿರುತ್ತದೆ, ಮಾನಿಟರ್ ಯಾವ ಕ್ಷಣದಲ್ಲಿ ಇಣುಕಿತೋ ಅದೇ ಲೆಕ್ಕ.

8. ಬಂದ ಫಲಿತಾಂಶ ಓದುವುದು

ಕೆಟಲ್ ಮತ್ತು ವಾರಗಳ ಲೆಕ್ಕ ಎರಡೂ ಒಂದೇ ಪ್ರಮಾಣದಲ್ಲಿ ತಪ್ಪಿದ್ದರೆ ನಿಮ್ಮ ಅದೃಷ್ಟ ಚೆನ್ನಾಗಿದೆ, ಕ್ಯಾಲಿಬ್ರೇಟ್ ಮಾಡಿದರೆ ಮುಗಿಯಿತು. ಮೀಟರ್ 1500, ಮಾನಿಟರ್ 1420 ಅಂದಿದ್ದರೆ 1500ನ್ನು 1420ರಿಂದ ಭಾಗಿಸಿ. ಬರುವ 1.056 ನಿಮ್ಮ ಗುಣಕ. ಆ್ಯಪಿನಲ್ಲಿ ಹಾಕುವ ಜಾಗ ಇದ್ದರೆ ಹಾಕಿ, ಇಲ್ಲದಿದ್ದರೆ ಓದುವಾಗ ನೀವೇ ಗುಣಿಸಿಕೊಳ್ಳಿ. ತಸ್ಮೋಟಾ (ಸ್ಮಾರ್ಟ್ ಪ್ಲಗ್ಗಿಗೆ ಹಾಕುವ ಒಂದು ಉಚಿತ ಸಾಫ್ಟ್‌ವೇರ್) ಹಾಕಿದ ಪ್ಲಗ್ ಆದರೆ ವೋಲ್ಟೇಜ್, ಆಂಪಿಯರ್, ವ್ಯಾಟ್ ಮೂರನ್ನೂ ಬೇರೆ ಬೇರೆಯಾಗಿ ಸರಿ ಮಾಡುವ ಕಮಾಂಡ್ ಇದೆ. ಅದಕ್ಕೆ ಹೀಟರ್ ಅಥವಾ ಫಿಲಮೆಂಟ್ ಬಲ್ಬ್ ಥರದ ಸರಳ ಲೋಡನ್ನೇ ಬಳಸಿ.

ಕೆಟಲ್ ಸರಿ, ಫ್ರಿಜ್ ಜಾಸ್ತಿ ಅಂದರೆ ಪವರ್ ಫ್ಯಾಕ್ಟರ್ ಸಮಸ್ಯೆ. ಇಲ್ಲಿ ಗುಣಕ ಹಾಕಬೇಡಿ. ಬಿಲ್ಲಿಗೆ ಹೊಂದಲಿ ಅಂತ ಎಲ್ಲವನ್ನೂ ಇಳಿಸಿದರೆ ಸರಿಯಿದ್ದ ಕೆಟಲ್, ಗೀಸರ್ ಲೆಕ್ಕವೂ ಕೆಡುತ್ತದೆ. ಕಾಲ ಬದಲಾಗಿ ಹೀಟರ್ ಶುರುವಾದ ದಿನ ನಿಮ್ಮ ಹೊಂದಾಣಿಕೆ ಮತ್ತೆ ತಪ್ಪುತ್ತದೆ. ವೋಲ್ಟೇಜ್ ನೋಡುವ ಮಾನಿಟರಿಗೆ ಬದಲಾಯಿಸುವುದೊಂದೇ ದಾರಿ. ಕೆಟಲ್ ಸರಿ, ರಾತ್ರಿ ಮಾತ್ರ ಜಾಸ್ತಿ ಅಂದರೆ ಕ್ಲಾಂಪ್ ದೊಡ್ಡದಾಯಿತು, ಇಲ್ಲವೇ ಅದರ ಸೊನ್ನೆ ಸರಿಯಿಲ್ಲ. ಅದನ್ನು ಗುಣಿಸಿ ಸರಿ ಮಾಡಲಾಗದು, ಕಳೆಯಬೇಕು.

ಒಟ್ಟು ಲೆಕ್ಕ ಸರಿಯಿದ್ದು, 'ವಾಷಿಂಗ್ ಮಷೀನ್ ಇಷ್ಟು, ಫ್ರಿಜ್ ಇಷ್ಟು' ಅಂತ ಒಂದೇ ಕ್ಲಾಂಪಿನಿಂದ ಪಾಲು ಮಾಡಿ ತೋರಿಸುವ ಆ್ಯಪ್ ಇದ್ದರೆ, ಆ ಪಾಲು ಬರೀ ಅಂದಾಜು. ಆಂಪಿಯರ್ ಏರಿಳಿತದ ಗುರುತು ಹಿಡಿದು ಊಹಿಸುತ್ತದೆ. ಒಂದು ಯಂತ್ರದ ಖರ್ಚು ನಿಜಕ್ಕೂ ಬೇಕಿದ್ದರೆ ಅದಕ್ಕೊಂದು ಪ್ಲಗ್ ಮೀಟರ್ ಹಾಕಿ.

ಎಷ್ಟು ತಪ್ಪು ಸಹಿಸಬಹುದು? ಯಾವ ಯಂತ್ರ ಜಾಸ್ತಿ ತಿನ್ನುತ್ತಿದೆ ಅಂತ ಹುಡುಕುವುದಷ್ಟೇ ಉದ್ದೇಶವಾದರೆ ಐದು ಪರ್ಸೆಂಟ್ ತಪ್ಪಿಗೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ಬಾಡಿಗೆದಾರರ ನಡುವೆ ಬಿಲ್ ಹಂಚುವುದಾದರೆ ಅಷ್ಟು ಸಲೀಸಲ್ಲ, ಅಲ್ಲಿ ಪ್ರಮಾಣಿತ ಸಬ್ ಮೀಟರ್ ಬೇಕು.

9. ಮೀಟರ್ ಮೇಲೇ ಅನುಮಾನ ಬಂದರೆ

ಇಷ್ಟೆಲ್ಲ ಮೀಟರ್ ಸರಿ ಅಂತ ನಂಬಿ ಮಾಡಿದ್ದು. ಮೀಟರ್ ಮೇಲೆ 'ಕ್ಲಾಸ್ 1' ಅಂತ ಇದ್ದರೆ ಗೊತ್ತುಪಡಿಸಿದ ಸ್ಥಿತಿಯಲ್ಲಿ ತಪ್ಪು ಒಂದು ಪರ್ಸೆಂಟ್ ಒಳಗೆ, ಕ್ಲಾಸ್ 2 ಆದರೆ ಎರಡು ಪರ್ಸೆಂಟ್. ತೀರಾ ಸಣ್ಣ ಲೋಡಿಗೆ ಮೀಟರ್ ಓಡುವ ಅಗತ್ಯವೂ ಇಲ್ಲ. 5 ಆಂಪಿಯರ್ ಆಧಾರದ ಕ್ಲಾಸ್ 1 ಮೀಟರ್ 20 ಮಿಲಿ ಆಂಪಿಯರಿಗೆ, ಅಂದರೆ 230 ವೋಲ್ಟಿನಲ್ಲಿ 4.6 ವ್ಯಾಟಿಗೆ, ಎಣಿಸಲು ಶುರು ಮಾಡಿದರೆ ಐಇಸಿ (ವಿದ್ಯುತ್ ಉಪಕರಣಗಳಿಗೆ ಮಾನದಂಡ ಗೊತ್ತು ಮಾಡುವ ಅಂತರರಾಷ್ಟ್ರೀಯ ಸಂಸ್ಥೆ) ನಿಯಮದ ಪ್ರಕಾರ ಸಾಕು.

ಮೀಟರ್ ತಪ್ಪಲ್ಲ ಅಂತ ಆಣೆ ಮಾಡುವ ಹಾಗೂ ಇಲ್ಲ. 2017ರಲ್ಲಿ ನೆದರ್ಲೆಂಡ್ಸಿನ ಟ್ವೆಂಟೆ ವಿಶ್ವವಿದ್ಯಾಲಯದವರು ಒಂಬತ್ತು ಎಲೆಕ್ಟ್ರಾನಿಕ್ ಮೀಟರುಗಳನ್ನು ಪರೀಕ್ಷಿಸಿದಾಗ, ಎಲ್ಇಡಿ ಬಲ್ಬುಗಳನ್ನು ಡಿಮ್ಮರ್ (ಬೆಳಕು ಕಮ್ಮಿ ಜಾಸ್ತಿ ಮಾಡುವ ಸ್ವಿಚ್) ಜೊತೆ ಓಡಿಸುವಂಥ ಒರಟು ಲೋಡಿನಲ್ಲಿ ಕೆಲವು ವಿಪರೀತ ಜಾಸ್ತಿ ಓದಿದವು, ಅತಿ ಹೆಚ್ಚು ಅಂದರೆ ಶೇ. 582ರಷ್ಟು. ಕೆಲವು ಕಮ್ಮಿಯೂ ಓದಿದವು. ಲ್ಯಾಬಿನಲ್ಲಿ ಬೇಕಂತಲೇ ಕಷ್ಟ ಕೊಟ್ಟು ಮಾಡಿದ ಪರೀಕ್ಷೆ ಅದು, ನಿಮ್ಮ ಮನೆಯಲ್ಲೂ ಹಾಗೇ ಆಗುತ್ತದೆ ಅಂತಲ್ಲ. ಆದರೆ ಡಿಮ್ಮರ್ ಇದ್ದರೆ ಅದನ್ನು ಆಫ್ ಮಾಡಿ ಒಮ್ಮೆ, ಆನ್ ಮಾಡಿ ಒಮ್ಮೆ ಹೋಲಿಸಿ ನೋಡಲು ಖರ್ಚೇನಿಲ್ಲ ಅಲ್ವಾ.

ಕೆಟಲ್ ಪರೀಕ್ಷೆಯಲ್ಲಿ, ಮೊದಲೇ ಸರಿ ಅಂತ ಗೊತ್ತಿರುವ ಬೇರೆ ಪ್ಲಗ್ ಮೀಟರ್ ಹಾಕಿದರೂ ನಿಮ್ಮ ಮಾನಿಟರ್ ಅದಕ್ಕೇ ಹೊಂದುತ್ತಿದ್ದು, ಮೀಟರ್ ಮಾತ್ರ ಐದಾರು ಪರ್ಸೆಂಟಿಗಿಂತ ದೂರ ಇದ್ದರೆ, ವಿದ್ಯುತ್ ಸರಬರಾಜು ಮಾಡುವವರಿಗೆ ಮೀಟರ್ ಪರೀಕ್ಷೆಗೆ ಅರ್ಜಿ ಕೊಡಿ. ಆ್ಯಪಿನ ಗ್ರಾಫ್ ತೋರಿಸಿದರೆ ಯಾರೂ ಕೇಳಲ್ಲ. ಮಿನುಗು ಎಷ್ಟು, ಸೆಕೆಂಡ್ ಎಷ್ಟು, ಆಗ ಇದ್ದ ಲೋಡ್ ಯಾವುದು, ತಾರೀಖು ಸಮೇತ ಬರೆದ ಹಾಳೆ ಮತ್ತು ಮೀಟರ್ ಮಿನುಗುವ ವಿಡಿಯೋ ಜೊತೆಗಿರಲಿ.